ದೂರದ ಮೆಮೊರಿಯ ಲೆಕ್ಕ: ಹಾರ್ಡ್‌ವೇರ್ ಕೌಂಟರ್‌ಗಳಿಂದ ನ್ಯೂಮಾ ತೊಂದರೆ ಹುಡುಕುವ ಬಗೆ

ಎರಡು ಸಾಕೆಟ್‌ನ (ಅಂದರೆ ಎರಡು ಪ್ರೊಸೆಸರ್ ಚಿಪ್‌ಗಳ) ಒಂದು ಸರ್ವರ್, ಒಂದೊಂದು ಸಾಕೆಟ್‌ನಲ್ಲಿ 24 ಕೋರ್. ನಿಮ್ಮ ಪ್ರೋಗ್ರಾಮ್ 24 ಥ್ರೆಡ್‌ವರೆಗೆ ಚೆನ್ನಾಗಿ ವೇಗ ಹಿಡಿಯುತ್ತದೆ. 48 ಥ್ರೆಡ್ ಕೊಟ್ಟರೆ ಅಲ್ಲೇ ನಿಂತುಬಿಡುತ್ತದೆ. ಲಾಕ್‌ಗಳ ಗೋಜಿಲ್ಲ, ಡಿಸ್ಕ್ ಮುಟ್ಟುತ್ತಿಲ್ಲ, ನೆಟ್‌ವರ್ಕ್ ಬಳಸುತ್ತಿಲ್ಲ. ‘ಟಾಪ್’ನಲ್ಲಿ ನೋಡಿದರೆ ಎಲ್ಲ ಕೋರ್‌ಗಳೂ ನೂರಕ್ಕೆ ನೂರು ದುಡಿಯುತ್ತಿರುವಂತೆ ಕಾಣುತ್ತವೆ. ಆ ನೂರನ್ನು ನಂಬಬೇಡಿ. ಮೆಮೊರಿಯಿಂದ ಡೇಟಾ ಬರಲೆಂದು ಸುಮ್ಮನೆ ಕಾಯುತ್ತಿರುವ ಕೋರ್ ಕೂಡ ಆಪರೇಟಿಂಗ್ ಸಿಸ್ಟಮ್‌ನ ಕಣ್ಣಿಗೆ ದುಡಿಯುತ್ತಿರುವ ಕೋರೇ.

ಇಂಥ ಕಡೆ ನಾನು ಮೊದಲು ಅನುಮಾನಿಸುವುದು ದೂರದ ಮೆಮೊರಿಯನ್ನು. ಎಎಂಡಿ 2003ರ ಆಪ್ಟೆರಾನ್‌ನಲ್ಲಿ, ಇಂಟೆಲ್ 2008ರ ನೆಹಾಲೆಮ್‌ನಲ್ಲಿ ಮೆಮೊರಿ ಕಂಟ್ರೋಲರನ್ನು ಪ್ರೊಸೆಸರ್‌ನ ಒಳಗೇ ಇಟ್ಟವು. ಅಂದಿನಿಂದ ಪ್ರತಿ ಸಾಕೆಟ್‌ಗೂ ತನ್ನದೇ ಮೆಮೊರಿ ಇದೆ. ಪಕ್ಕದ ಸಾಕೆಟ್‌ನ ಮೆಮೊರಿ ಬೇಕಾದರೆ ಎರಡರ ನಡುವಿನ ಲಿಂಕ್ ದಾಟಿ ಹೋಗಬೇಕು. ಇದಕ್ಕೇ ನ್ಯೂಮಾ ಎನ್ನುವುದು. ಮನೆಯಲ್ಲೇ ಬಾವಿ ಇದ್ದೂ ಬಿಂದಿಗೆ ಹಿಡಿದು ಪಕ್ಕದ ಓಣಿಯ ಬಾವಿಗೆ ಹೋದಂತೆ. ಒಂದು ಬಿಂದಿಗೆಗಾದರೆ ಪರವಾಗಿಲ್ಲ, ಊರಿಗೆ ಊರೇ ಹೋದರೆ ಅಲ್ಲಿ ಸಾಲು ನಿಲ್ಲುತ್ತದೆ.

ಈ ಲೇಖನದ ಕಮಾಂಡ್‌ಗಳೆಲ್ಲ ಲಿನಕ್ಸ್‌ನವು. ಅವನ್ನು ಓದುವ ಉಚ್ಚಾರದಂತೆಯೇ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಬೇಕು. ಪ್ರೊಸೆಸರ್‌ನೊಳಗೆ ಇಂಥ ಘಟನೆ ಎಷ್ಟು ಸಲ ನಡೆಯಿತೆಂದು ಎಣಿಸುವವೇ ಹಾರ್ಡ್‌ವೇರ್ ಕೌಂಟರ್‌ಗಳು, ಎಣಿಸುವ ಒಂದೊಂದು ಘಟನೆಯೂ ಒಂದು ಇವೆಂಟ್, ಅವನ್ನು ಓದಿ ತೋರಿಸುವ ಲಿನಕ್ಸ್ ಉಪಕರಣ ‘ಪರ್ಫ್’. ಇವೆಂಟ್ ಹೆಸರುಗಳನ್ನು ‘ಪರ್ಫ್ ಲಿಸ್ಟ್’ ಕೊಟ್ಟು ಹುಡುಕಿದರೆ ನಿಮ್ಮ ಪ್ರೊಸೆಸರ್‌ನಲ್ಲಿರುವ ಸರಿಯಾದ ರೂಪ ಸಿಗುತ್ತದೆ.

ಉದಾಹರಣೆಗೆ ಒಂದೇ ಪ್ರೋಗ್ರಾಮ್ ಇಟ್ಟುಕೊಳ್ಳೋಣ: ಬಹುಪಾಲು ಸೊನ್ನೆಗಳೇ ಇರುವ ವಿರಳ ಮ್ಯಾಟ್ರಿಕ್ಸನ್ನು ಒಂದು ವೆಕ್ಟರ್‌ನಿಂದ ಗುಣಿಸುವುದು. ವಿಜ್ಞಾನ, ಎಂಜಿನಿಯರಿಂಗ್ ಲೆಕ್ಕಗಳಲ್ಲಿ ಇದು ಎಲ್ಲೆಲ್ಲೂ ಬರುತ್ತದೆ. 1 ಕೋಟಿ ಸಾಲು, ಸೊನ್ನೆಯಲ್ಲದ 10 ಕೋಟಿ ಸಂಖ್ಯೆಗಳು. ‘ವ್ಯಾಲ್’ ಎಂಬ ಅರೇಯಲ್ಲಿ ಸಂಖ್ಯೆಗಳು, ತಲಾ 8 ಬೈಟ್. ‘ಕಾಲ್’ ಎಂಬ ಅರೇಯಲ್ಲಿ ಅವುಗಳ ಕಂಬಸಾಲಿನ ಕ್ರಮಸಂಖ್ಯೆ, ತಲಾ 4 ಬೈಟ್. ಗುಣಿಸಬೇಕಾದ ವೆಕ್ಟರ್ ‘ಎಕ್ಸ್’, 80 ಎಂಬಿ. ಮುಖ್ಯ ಥ್ರೆಡ್ ಫೈಲ್ ಓದಿ ಅರೇಗಳನ್ನು ತುಂಬುತ್ತದೆ, ಆಮೇಲೆ ಓಪನ್‌ಎಂಪಿಯ 48 ಥ್ರೆಡ್‌ಗಳು ಸಾಲುಗಳನ್ನು ಹಂಚಿಕೊಂಡು 100 ಸಲ ಗುಣಿಸುತ್ತವೆ. ನೋಡಲು ನಿರಪರಾಧಿ ಪ್ರೋಗ್ರಾಮ್, ಹೆಸರು ‘ಸ್ಪಾರ್ಸ್’.

ಯಂತ್ರದ ನಕ್ಷೆ

ನ್ಯೂಮಾಸಿಟಿಎಲ್ --ಹಾರ್ಡ್‌ವೇರ್

ಯಾವ ನೋಡ್‌ಗೆ ಯಾವ ಕೋರ್, ಎಷ್ಟು ಮೆಮೊರಿ ಎಂಬುದನ್ನು ಇದು ತೋರಿಸುತ್ತದೆ. ಕೋರ್‌ಗಳ ಒಂದು ಗುಂಪು, ಅವಕ್ಕೆ ಹತ್ತಿರದ ಮೆಮೊರಿ ಸೇರಿದ್ದೇ ನೋಡ್. ಕೊನೆಯಲ್ಲಿ ‘ಡಿಸ್ಟೆನ್ಸ್’ ಕೋಷ್ಟಕ ಇರುತ್ತದೆ, ತನ್ನ ನೋಡ್‌ಗೆ 10, ಪಕ್ಕದ್ದಕ್ಕೆ 20 ಅಥವಾ 21 ಎಂದು. ಇದನ್ನು ‘ದೂರದ ಮೆಮೊರಿ ಎರಡು ಪಟ್ಟು ನಿಧಾನ’ ಎಂದು ಓದುವವರು ಬಹಳ. ಅದು ಅಳೆದ ಸಂಖ್ಯೆಯಲ್ಲ, ಫರ್ಮ್‌ವೇರ್ ಬರೆದಿಟ್ಟ ಸಂಖ್ಯೆ. ನಿಜವಾದ ಅಂತರ ಬೇಕಾದರೆ ಇಂಟೆಲ್‌ನ ‘ಮೆಮೊರಿ ಲೇಟೆನ್ಸಿ ಚೆಕರ್’ ಓಡಿಸಿ. ಯಾವ ನೋಡ್‌ನಿಂದ ಯಾವ ನೋಡ್‌ಗೆ ಎಷ್ಟು ನ್ಯಾನೊಸೆಕೆಂಡ್, ಎಷ್ಟು ಬ್ಯಾಂಡ್‌ವಿಡ್ತ್ ಎಂದು ಅದು ಅಳೆದೇ ಹೇಳುತ್ತದೆ. ಆ ಕೋಷ್ಟಕವನ್ನು ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾಕೆಟ್ ಎಷ್ಟೋ ನೋಡ್ ಅಷ್ಟೇ ಇರಬೇಕೆಂದೇನಿಲ್ಲ. ಎಎಂಡಿಯ ಮೊದಲ ಎಪಿಕ್‌ನಲ್ಲಿ (2017) ಒಂದೇ ಪ್ಯಾಕೇಜ್‌ನ ಒಳಗೆ ನಾಲ್ಕು ಡೈ (ಸಿಲಿಕಾನ್ ತುಂಡು), ಒಂದೊಂದೂ ಒಂದು ನೋಡ್. ನಂತರದ ಎಪಿಕ್‌ಗಳಲ್ಲಿ ಬಯೋಸ್‌ನ ‘ಎನ್‌ಪಿಎಸ್’ ಆಯ್ಕೆ, ಇಂಟೆಲ್‌ನಲ್ಲಿ ‘ಸಬ್-ನ್ಯೂಮಾ ಕ್ಲಸ್ಟರಿಂಗ್’ ಆಯ್ಕೆ ಒಂದು ಸಾಕೆಟನ್ನು ಹಲವು ನೋಡ್‌ಗಳಾಗಿ ತೋರಿಸಬಲ್ಲವು. ಒಂದೇ ಸಾಕೆಟ್‌ನ ಒಳಗಿನ ‘ದೂರ’ಕ್ಕೂ ಲಿಂಕ್ ದಾಟುವ ದೂರಕ್ಕೂ ವ್ಯತ್ಯಾಸ ದೊಡ್ಡದು.

ಅಳೆಯುವ ಮುನ್ನ ಮೂರು ಸ್ವಿಚ್

ಮೊದಲನೆಯದು ಅನುಮತಿ. ‘/ಪ್ರಾಕ್/ಸಿಸ್/ಕರ್ನಲ್/ಪರ್ಫ್_ಇವೆಂಟ್_ಪ್ಯಾರನಾಯ್ಡ್’ ಫೈಲ್‌ನಲ್ಲಿ 2 ಇದ್ದರೆ ನಿಮ್ಮ ಪ್ರೋಗ್ರಾಮ್‌ನ ಯೂಸರ್ ಭಾಗವನ್ನಷ್ಟೇ ಎಣಿಸಬಹುದು. ಇಡೀ ಯಂತ್ರದ ಕೌಂಟರ್‌ಗಳನ್ನು ನೋಡಲು 0 ಅಥವಾ ಅದಕ್ಕಿಂತ ಕಡಿಮೆ ಬೇಕು. ಇಲ್ಲವೇ ಲಿನಕ್ಸ್ 5.8ರಿಂದ ಬಂದಿರುವ ‘ಕ್ಯಾಪ್_ಪರ್ಫ್‌ಮಾನ್’ ಹಕ್ಕು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗದಂಥ ಹಂಚಿಕೆಯ ಕ್ಲಸ್ಟರ್‌ನಲ್ಲಿ ಕೆಲಸ ಮಾಡುವವರು ಇದನ್ನು ತಾವೇ ಬದಲಿಸಲಾಗದು, ಸಿಸ್ಟಮ್ ನೋಡಿಕೊಳ್ಳುವವರನ್ನು ಕೇಳಬೇಕು. ಕೇಳುವಾಗ ಯಾವ ಇವೆಂಟ್, ಎಷ್ಟು ಹೊತ್ತು ಎಂದು ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ. ಕ್ಲೌಡ್‌ನ ವರ್ಚುವಲ್ ಮಷೀನ್ ಆದರೆ ಬಹಳಷ್ಟು ಕಡೆ ಈ ಕೌಂಟರ್‌ಗಳು ಕಾಣುವುದೇ ಇಲ್ಲ. ‘ನಾಟ್ ಸಪೋರ್ಟೆಡ್’ ಎಂದು ಬಂದರೆ ಹೆಣಗಾಡದೆ ಬೇರ್ ಮೆಟಲ್ (ವರ್ಚುವಲ್ ಅಲ್ಲದ) ಯಂತ್ರ ಹಿಡಿಯಿರಿ.

ಎರಡನೆಯದು ‘ಎನ್ಎಂಐ_ವಾಚ್‌ಡಾಗ್’. ಕೋರ್ ಸ್ತಬ್ಧವಾಯಿತೇ ಎಂದು ಕಾಯುವ ಕರ್ನಲ್‌ನ ಕಾವಲುಗಾರ ಅದು. ಪ್ರತಿ ಕೋರ್‌ನಲ್ಲೂ ಒಂದು ಕೌಂಟರನ್ನು ಹಿಡಿದು ಕೂತಿರುತ್ತದೆ. ಇಂಟೆಲ್ ಸ್ಕೈಲೇಕ್ ವಂಶದಲ್ಲಿ ಹೈಪರ್‌ಥ್ರೆಡಿಂಗ್ ಇದ್ದಾಗ ಒಂದು ಥ್ರೆಡ್‌ಗೆ ನಾವು ಆರಿಸಿಕೊಳ್ಳಬಹುದಾದ ಕೌಂಟರ್ ನಾಲ್ಕೇ, ಒಂದು ಹೋದರೂ ನಷ್ಟ. ಅಳೆಯುವಷ್ಟು ಹೊತ್ತು 0 ಬರೆದು ನಿಲ್ಲಿಸಿ.

ಮೂರನೆಯದು ‘ನ್ಯೂಮಾ_ಬ್ಯಾಲೆನ್ಸಿಂಗ್’. ಇದು ಆನ್ ಇದ್ದರೆ ಕರ್ನಲ್ ತಾನೇ, ಮೆಮೊರಿಯನ್ನು ಹಂಚುವ ತುಂಡುಗಳಾದ ಪೇಜ್‌ಗಳನ್ನು ಒಂದು ನೋಡ್‌ನಿಂದ ಇನ್ನೊಂದಕ್ಕೆ ಸಾಗಿಸುತ್ತಿರುತ್ತದೆ. ಒಳ್ಳೆಯ ಸೌಲಭ್ಯವೇ. ಆದರೆ ನೀವು ಅಳೆಯುತ್ತಿರುವಾಗಲೇ ಅಳೆಯುವ ವಸ್ತು ಜಾಗ ಬದಲಿಸಿದರೆ ಯಾವ ಸಂಖ್ಯೆಗೂ ಅರ್ಥ ಉಳಿಯದು. ಅದಕ್ಕೂ 0.

ತಕ್ಕಡಿಯನ್ನೇ ಮೊದಲು ತೂಗಿ

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಕೌಂಟರ್ ಏನನ್ನು ಎಣಿಸುತ್ತದೆಂದು ಕೈಪಿಡಿಯಲ್ಲಿ ಓದಿದರೆ ಸಾಲದು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯೊಂದನ್ನು ಕೇಳಿ, ಅದು ಸರಿ ಹೇಳುತ್ತದೋ ಎಂದು ಪರೀಕ್ಷಿಸಬೇಕು.

1 ಜಿಬಿ ಅರೇ ಮಾಡಿ. ಅದನ್ನು 64 ಬೈಟ್‌ನ ಕ್ಯಾಶ್ ಲೈನ್‌ಗಳಾಗಿ ಒಡೆದರೆ 1,67,77,216 ತುಂಡು. ಕ್ಯಾಶ್ ಅಂದರೆ ಕೋರ್ ಪಕ್ಕದ ಪುಟ್ಟ ವೇಗದ ಮೆಮೊರಿ, ಅದಕ್ಕೆ ಒಮ್ಮೆಗೆ ತರುವ ತುಂಡೇ ಕ್ಯಾಶ್ ಲೈನ್. ಪ್ರತಿ ತುಂಡಿನಲ್ಲೂ ಮುಂದಿನ ತುಂಡಿನ ವಿಳಾಸ ಇಡಿ, ಕ್ರಮವನ್ನು ಚೆನ್ನಾಗಿ ಕಲಕಿ, ಎಲ್ಲವೂ ಸೇರಿ ಒಂದೇ ಸರಪಳಿ ಆಗಿರಲಿ. ಈಗ ಒಂದು ವಿಳಾಸದಿಂದ ಇನ್ನೊಂದಕ್ಕೆ ಜಿಗಿಯುತ್ತಾ ಇಡೀ ಸರಪಳಿ ಸುತ್ತಿ ಬನ್ನಿ. ಮುಂದಿನ ವಿಳಾಸ ಗೊತ್ತಾಗುವುದೇ ಈಗಿನದನ್ನು ಓದಿದ ಮೇಲೆ. ಹಾಗಾಗಿ ಪ್ರೊಸೆಸರ್ ಯಾವುದನ್ನೂ ಮುಂಚಿತವಾಗಿ ತಂದಿಟ್ಟುಕೊಳ್ಳಲಾರದು. ಇದನ್ನು ಬೇಕೆಂದೇ ದೂರದ ಮೆಮೊರಿಯ ಮೇಲೆ ಓಡಿಸಿ:

ನ್ಯೂಮಾಸಿಟಿಎಲ್ --ಸಿಪಿಯುನೋಡ್‌ಬೈಂಡ್=0 --ಮೆಮ್‌ಬೈಂಡ್=1 ಪರ್ಫ್ ಸ್ಟ್ಯಾಟ್ -ಇ ಮೆಮ್_ಲೋಡ್_ಎಲ್3_ಮಿಸ್_ರಿಟೈರ್ಡ್.ಲೋಕಲ್_ಡಿರ‍್ಯಾಮ್:ಯು,ಮೆಮ್_ಲೋಡ್_ಎಲ್3_ಮಿಸ್_ರಿಟೈರ್ಡ್.ರಿಮೋಟ್_ಡಿರ‍್ಯಾಮ್:ಯು ./ಸರಪಳಿ 10

ಇವು ಸ್ಕೈಲೇಕ್, ಕ್ಯಾಸ್ಕೇಡ್ ಲೇಕ್, ಐಸ್ ಲೇಕ್ ಸರ್ವರ್‌ಗಳ ಹೆಸರುಗಳು. ಹ್ಯಾಸ್ವೆಲ್, ಬ್ರಾಡ್‌ವೆಲ್‌ಗಳಲ್ಲಿ ‘ಲೋಡ್’ ಆದಮೇಲೆ ‘ಯುಆಪ್ಸ್’ ಎಂಬ ತುಂಡೊಂದು ಸೇರುತ್ತದೆ. ಕೊನೆಯ ‘:ಯು’ ಇರುವುದು ಕರ್ನಲ್‌ನ ಓದುಗಳನ್ನು ಬಿಡಲು.

ಸರಪಳಿ ಕಟ್ಟುವಾಗಲೂ ಮೆಮೊರಿ ಓದು ನಡೆಯುತ್ತದೆ, ಅದು ಎಣಿಕೆಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೆ ಒಂದು ಸಲ 10 ಸುತ್ತು, ಇನ್ನೊಂದು ಸಲ 20 ಸುತ್ತು ಓಡಿಸಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಉಳಿಯಬೇಕಾದದ್ದು 16,77,72,160ರ ಆಸುಪಾಸು, ಅದೂ ‘ರಿಮೋಟ್’ ಸಾಲಿನಲ್ಲಿ. ಅಲ್ಲಲ್ಲಿ ಒಂದಷ್ಟು ಕ್ಯಾಶ್‌ನಲ್ಲೇ ಸಿಕ್ಕಿಬಿಡುವುದರಿಂದ ಸ್ವಲ್ಪ ಕಡಿಮೆ ಬರಬಹುದು. ‘ಮೆಮ್‌ಬೈಂಡ್=0’ ಮಾಡಿ ಮತ್ತೆ ಓಡಿಸಿದರೆ ಅದೇ ಸಂಖ್ಯೆ ‘ಲೋಕಲ್’ ಸಾಲಿಗೆ ಜಾರಬೇಕು. ಎರಡೂ ಓಟದ ಸಮಯವನ್ನು ಓದುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಓದಿಗೆ ಎಷ್ಟು ನ್ಯಾನೊಸೆಕೆಂಡ್ ಎಂಬುದೂ ಸಿಗುತ್ತದೆ. 4 ಕೆಬಿ ಪೇಜ್‌ಗಳಾದರೆ ವಿಳಾಸ ಹುಡುಕುವ ಖರ್ಚೂ ಅದರಲ್ಲಿ ಬೆರೆಯುತ್ತದೆ, 2 ಎಂಬಿಯ ಹ್ಯೂಜ್ ಪೇಜ್ ಬಳಸಿದರೆ ಶುದ್ಧವಾಗಿ ಬರುತ್ತದೆ.

ಸಂಖ್ಯೆ ಬಂತೇ? ಈಗ ಅದೇ 1 ಜಿಬಿಯನ್ನು, ಅದೇ ದೂರದ ನೋಡ್‌ನಲ್ಲಿಟ್ಟು, ಮೊದಲಿಂದ ಕೊನೆಯವರೆಗೆ ಸಾಲಾಗಿ ಓದಿ ಕೂಡಿಸುವ ಪುಟ್ಟ ಲೂಪ್ ಓಡಿಸಿ. ಪ್ರತಿ ಬೈಟೂ ಲಿಂಕ್ ದಾಟಿಯೇ ಬರಬೇಕು, ಬೇರೆ ದಾರಿಯಿಲ್ಲ. ಆದರೂ ‘ರಿಮೋಟ್_ಡಿರ‍್ಯಾಮ್’ ಸಂಖ್ಯೆ ನಿರೀಕ್ಷೆಗಿಂತ ಬಹಳ ಕೆಳಗೆ ಬಿದ್ದಿರುತ್ತದೆ.

ಕೌಂಟರ್ ಸುಳ್ಳು ಹೇಳಲಿಲ್ಲ. ಅದು ಎಣಿಸುವುದು ಪೂರ್ತಿಯಾದ, ಮೆಮೊರಿ ಓದುವ ಲೋಡ್ ಇನ್‌ಸ್ಟ್ರಕ್ಷನ್‌ಗಳನ್ನು, ಆ ಲೋಡ್‌ಗೆ ಡೇಟಾ ಎಲ್ಲಿ ಸಿಕ್ಕಿತು ಎಂಬುದನ್ನು. ಸಾಲಾಗಿ ಓದುವಾಗ ಹಾರ್ಡ್‌ವೇರ್ ಪ್ರಿಫೆಚರ್ ಮುಂದೆ ಓಡಿ ದೂರದಿಂದ ಡೇಟಾ ತಂದು ಎಲ್2 ಕ್ಯಾಶ್‌ನಲ್ಲಿ ಇಟ್ಟಿರುತ್ತದೆ. ಲೋಡ್ ಬಂದಾಗ ಅದಕ್ಕೆ ಸಿಕ್ಕಿದ್ದು ಎಲ್2ನಲ್ಲಿ. ಇಲ್ಲವೇ ದಾರಿಯಲ್ಲಿ ಬರುತ್ತಿದ್ದದ್ದು ಕೈಗೆ ಸಿಕ್ಕಿತು, ಅದು ‘ಎಫ್‌ಬಿ_ಹಿಟ್’ ಲೆಕ್ಕಕ್ಕೆ ಹೋಯಿತು. ಲಿಂಕ್ ತುಂಬಿ ತುಳುಕುತ್ತಿದ್ದರೂ ಈ ಕೌಂಟರ್‌ಗೆ ಅದು ಕಾಣದು. ಬರೆಯುವ ಸ್ಟೋರ್‌ಗಳೂ ಇದರಲ್ಲಿ ಬರುವುದಿಲ್ಲ. ಅಂದರೆ ದೂರದ ಮೆಮೊರಿಯ ತೊಂದರೆ ಎರಡು ಬಗೆ. ಕಾಯಿಸುವ ತೊಂದರೆ ಒಂದು, ಲಿಂಕನ್ನು ತುಂಬಿಸುವ ತೊಂದರೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕೌಂಟರ್ ಬೇಕು. ಈ ಒಂದು ಪ್ರಯೋಗ ಮಾಡದೆ ನೇರವಾಗಿ ದೊಡ್ಡ ಪ್ರೋಗ್ರಾಮ್‌ಗೆ ಕೈಹಾಕಿ ನಾನು ತಪ್ಪು ಅರೇಯನ್ನು ಸರಿಪಡಿಸುತ್ತಾ ದಿನಗಟ್ಟಲೆ ಕಳೆದದ್ದುಂಟು.

ಈಗ ನಿಜವಾದ ಪ್ರೋಗ್ರಾಮ್: ಕೋರ್‌ನ ಕೌಂಟರ್

ಥ್ರೆಡ್‌ಗಳನ್ನು ಮೊದಲು ಕಟ್ಟಿಹಾಕಿ: ‘ಓಎಂಪಿ_ಪ್ಲೇಸಸ್=ಕೋರ್ಸ್’, ‘ಓಎಂಪಿ_ಪ್ರಾಕ್_ಬೈಂಡ್=ಕ್ಲೋಸ್’. ಅಲೆದಾಡುವ ಥ್ರೆಡ್‌ಗೆ ಹತ್ತಿರ, ದೂರ ಎಂಬುದೇ ಇಲ್ಲ. ಆಮೇಲೆ ಮೇಲಿನ ಎರಡು ಇವೆಂಟ್ ಜೊತೆಗೆ ‘ರಿಮೋಟ್_ಹಿಟ್ಎಂ’ ಮತ್ತು ‘ಇನ್‌ಸ್ಟ್ರಕ್ಷನ್ಸ್’ ಸೇರಿಸಿ ‘ಪರ್ಫ್ ಸ್ಟ್ಯಾಟ್’ ಓಡಿಸಿ. ಎಣಿಕೆಯ ಪಕ್ಕದಲ್ಲಿ ಕಂಸದೊಳಗೆ ಶೇಕಡಾ ಬಂದರೆ ಕೌಂಟರ್‌ಗಳು ಸಾಲದೆ ಸರದಿಯಲ್ಲಿ ಎಣಿಸಿದೆ, ಉಳಿದದ್ದು ಅಂದಾಜು ಎಂದರ್ಥ. ಇವೆಂಟ್ ಕಡಿಮೆ ಮಾಡಿ ಮತ್ತೆ ಓಡಿಸಿ.

ಬಂದ ಸಂಖ್ಯೆಯನ್ನು ಸಮಯಕ್ಕೆ ಪರಿವರ್ತಿಸದೆ ಯಾವ ತೀರ್ಮಾನಕ್ಕೂ ಬರಬೇಡಿ. ಚೆಕರ್ ನಿಮಗೆ ಹತ್ತಿರಕ್ಕೆ 80, ದೂರಕ್ಕೆ 140 ನ್ಯಾನೊಸೆಕೆಂಡ್ ಎಂದು ಕೊಟ್ಟಿತ್ತು ಅಂದುಕೊಳ್ಳಿ. ಒಂದು ಥ್ರೆಡ್‌ನಲ್ಲಿ 1 ಕೋಟಿ ದೂರದ ಓದು ಇದ್ದರೆ ಹೆಚ್ಚುವರಿ ಖರ್ಚು 60 ನ್ಯಾನೊಸೆಕೆಂಡ್‌ನಂತೆ 0.6 ಸೆಕೆಂಡ್. ಇದು ಮೇಲ್ಮಿತಿ, ಏಕೆಂದರೆ ಪ್ರೊಸೆಸರ್ ಹಲವು ಓದುಗಳನ್ನು ಒಟ್ಟೊಟ್ಟಿಗೆ ನಡೆಸುತ್ತದೆ. ಪ್ರೋಗ್ರಾಮ್ ಓಡುವುದೇ 10 ನಿಮಿಷ ಆದರೆ ಆ 0.6 ಸೆಕೆಂಡ್‌ಗಾಗಿ ಕೋಡ್ ಕೆಡಿಸಬೇಡಿ. ‘ಶೇಕಡಾ 50 ದೂರದ ಓದು’ ಎಂಬ ಸಂಖ್ಯೆ ಎಷ್ಟೇ ಹೆದರಿಸಿದರೂ, ಒಟ್ಟು ಓದೇ ಸ್ವಲ್ಪ ಇದ್ದರೆ ಅದಕ್ಕೆ ಬೆಲೆಯಿಲ್ಲ.

‘ರಿಮೋಟ್_ಹಿಟ್ಎಂ’ ದೊಡ್ಡದಿದ್ದರೆ ಕಥೆಯೇ ಬೇರೆ. ಪಕ್ಕದ ಸಾಕೆಟ್‌ನ ಕ್ಯಾಶ್‌ನಲ್ಲಿ ಆಗತಾನೇ ಬರೆದ ಲೈನನ್ನು ನೀವು ಓದುತ್ತಿದ್ದೀರಿ ಎಂದು ಅದು ಹೇಳುತ್ತದೆ. ಪೇಜ್ ಎಲ್ಲಿಟ್ಟರೂ ಇದು ಹೋಗದು. ಒಂದೇ ಲೈನ್‌ನಲ್ಲಿ ಕೂತಿರುವ ಎರಡು ಥ್ರೆಡ್‌ಗಳ ಡೇಟಾವನ್ನು ಬೇರ್ಪಡಿಸಬೇಕು. ಅದಕ್ಕೆ ಲಿನಕ್ಸ್ 4.10ರಿಂದ ‘ಪರ್ಫ್ ಸಿ2ಸಿ’ ಎಂಬ ಉಪಕರಣವೇ ಇದೆ, ಅತ್ತ ಹೋಗಿ.

ಲಿಂಕ್ ಮತ್ತು ಮೆಮೊರಿ ಕಂಟ್ರೋಲರ್‌ನ ಕೌಂಟರ್

ಪ್ರಿಫೆಚರ್ ತಂದದ್ದನ್ನೂ ಹಿಡಿಯಬೇಕಾದರೆ ಕೋರ್‌ನಿಂದ ಹೊರಗೆ, ‘ಅನ್‌ಕೋರ್’ ಎಂಬ ಭಾಗದಲ್ಲಿ ಎಣಿಸಬೇಕು.

ಪರ್ಫ್ ಸ್ಟ್ಯಾಟ್ -ಎ --ಪರ್-ಸಾಕೆಟ್ -ಇ ಅನ್‌ಕೋರ್_ಐಎಂಸಿ/ಕ್ಯಾಸ್_ಕೌಂಟ್_ರೀಡ್/,ಅನ್‌ಕೋರ್_ಐಎಂಸಿ/ಕ್ಯಾಸ್_ಕೌಂಟ್_ರೈಟ್/ ./ಸ್ಪಾರ್ಸ್

ಒಂದು ‘ಕ್ಯಾಸ್’ ಅಂದರೆ ಮೆಮೊರಿಗೆ ಒಂದು ಸಲ ಹೋಗಿಬಂದದ್ದು, 64 ಬೈಟ್. ಪರ್ಫ್ ತಾನೇ ಗುಣಿಸಿ ಎಂಬಿಯಲ್ಲಿ ತೋರಿಸುತ್ತದೆ. ಈ ಕೌಂಟರ್‌ಗೆ ಯಾರ ಪ್ರೋಗ್ರಾಮ್ ಎಂಬುದು ಗೊತ್ತಿಲ್ಲ, ಇಡೀ ಸಾಕೆಟ್‌ನದ್ದನ್ನು ಎಣಿಸುತ್ತದೆ. ಹಾಗಾಗಿ ಯಂತ್ರದಲ್ಲಿ ಬೇರೆಯವರ ಕೆಲಸ ಓಡುತ್ತಿರಬಾರದು. ಲಿಂಕ್‌ನ ಲೆಕ್ಕಕ್ಕೆ ಪರ್ಫ್ ಲಿಸ್ಟ್‌ನಲ್ಲಿ ‘ಯುಪಿಐ’ (ಇಂಟೆಲ್ ಸಾಕೆಟ್‌ಗಳ ನಡುವಿನ ಲಿಂಕ್‌ನ ಹೆಸರು) ಎಂದು ಹುಡುಕಿ, ಡೇಟಾ ಬ್ಯಾಂಡ್‌ವಿಡ್ತ್‌ನ ಇವೆಂಟ್ ಆರಿಸಿ. ಲಿಂಕ್‌ನಲ್ಲಿ ಡೇಟಾ ಅಲ್ಲದ ಸಂದೇಶಗಳೂ ಬೇಕಾದಷ್ಟು ಓಡುತ್ತಿರುತ್ತವೆ, ಎಲ್ಲವನ್ನೂ ಸೇರಿಸಿದ ಇವೆಂಟ್ ಹಿಡಿದರೆ ಲೆಕ್ಕ ಉಬ್ಬುತ್ತದೆ.

ನಮ್ಮ ಪ್ರೋಗ್ರಾಮ್‌ಗೆ ಕಾಗದದ ಮೇಲೆ ಲೆಕ್ಕ ಹಾಕೋಣ. ಸೊನ್ನೆಯಲ್ಲದ ಒಂದು ಸಂಖ್ಯೆಗೆ ‘ವ್ಯಾಲ್’ 8, ‘ಕಾಲ್’ 4, ಒಟ್ಟು 12 ಬೈಟ್. 10 ಕೋಟಿಗೆ 1.2 ಜಿಬಿ, 100 ಗುಣಾಕಾರಕ್ಕೆ 120 ಜಿಬಿ. ಎಲ್ಲವೂ ನೋಡ್ 0ರಲ್ಲೇ ಇದ್ದರೆ ಅರ್ಧ ಥ್ರೆಡ್‌ಗಳ ಪಾಲಿನ 60 ಜಿಬಿ ಲಿಂಕ್ ದಾಟಬೇಕು. ಕ್ಯಾಸ್ಕೇಡ್ ಲೇಕ್‌ನಲ್ಲಿ ಒಂದು ಯುಪಿಐ ಲಿಂಕ್‌ಗೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ 20.8 ಜಿಬಿ. ಮೂರು ಲಿಂಕ್ ಜೋಡಿಸಿದ್ದರೂ 62.4. ಒಂದು ಸಾಕೆಟ್‌ನ ಆರು ಡಿಡಿಆರ್4-2933 ಚಾನಲ್‌ಗಳಿಂದ ಸೆಕೆಂಡಿಗೆ ಸುಮಾರು 141 ಜಿಬಿ. ಎಲ್ಲ ಒಂದೇ ಕಡೆ ಇದ್ದಾಗ ಲಿಂಕ್‌ಗೇ 0.96 ಸೆಕೆಂಡ್ ಬೇಕು, ನೋಡ್ 0ರ ಕಂಟ್ರೋಲರ್‌ಗೆ 120 ಜಿಬಿ ಕೊಡಲು 0.85 ಸೆಕೆಂಡ್. ಅರ್ಧರ್ಧ ಹಂಚಿದ್ದರೆ ಎರಡೂ ಕಡೆ ಒಟ್ಟಿಗೆ 0.43 ಸೆಕೆಂಡ್‌ನಲ್ಲಿ ಮುಗಿಯಬಹುದಿತ್ತು. ಇವೆಲ್ಲ ಗರಿಷ್ಠ ವೇಗದ ಲೆಕ್ಕಗಳು, ನಿಜದಲ್ಲಿ ಇದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಆದರೆ 48 ಥ್ರೆಡ್ ಕೊಟ್ಟರೂ ವೇಗ ಯಾಕೆ ಏರಲಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಕೂತಿದೆ.

ಪರ್ಫ್‌ನ ಸಾಲುಗಳಲ್ಲಿ ಸಾಕೆಟ್ 0ರ ಓದು 120 ಜಿಬಿ ಹತ್ತಿರ, ಸಾಕೆಟ್ 1ರದ್ದು ಅತ್ಯಲ್ಪ ಎಂದು ಕಂಡರೆ ರೋಗ ಪತ್ತೆಯಾದಂತೆ. ಒಂದು ವಿಚಿತ್ರವನ್ನೂ ಕಾಣಬಹುದು: ಪ್ರೋಗ್ರಾಮ್ ಬರೀ ಓದುತ್ತಿದ್ದರೂ ಸಾಕೆಟ್ 0ರಲ್ಲಿ ಬರವಣಿಗೆಯ ಎಣಿಕೆ ಏರಿರುತ್ತದೆ. ಈ ಇಂಟೆಲ್ ಪ್ರೊಸೆಸರ್‌ಗಳು ‘ಈ ಲೈನ್ ಪಕ್ಕದ ಸಾಕೆಟ್‌ಗೆ ಹೋಗಿದೆ’ ಎಂಬ ಗುರುತನ್ನು ಮೆಮೊರಿಯಲ್ಲೇ ಬರೆದಿಡುತ್ತವೆ, ಅದರ ಖರ್ಚು ಅದು. ನಿಮ್ಮ ಕೋಡ್‌ನಲ್ಲಿ ಇಲ್ಲದ ಸ್ಟೋರನ್ನು ಹುಡುಕುತ್ತಾ ಕೂರಬೇಡಿ.

ಯಾವ ಅರೇ? ವಿಳಾಸ ಹಿಡಿಯುವುದು

ಎಣಿಕೆ ‘ಎಷ್ಟು’ ಎಂದು ಹೇಳಿತು. ‘ಯಾವುದು’ ಎಂದು ತಿಳಿಯಲು ಸ್ಯಾಂಪ್ಲಿಂಗ್ ಬೇಕು. ಇಂಟೆಲ್‌ನ ಪೆಬ್ಸ್ ಸೌಲಭ್ಯ ಕೆಲವು ಲೋಡ್‌ಗಳನ್ನು ಆರಿಸಿ, ಪ್ರತಿಯೊಂದಕ್ಕೂ ಇನ್‌ಸ್ಟ್ರಕ್ಷನ್‌ನ ಜಾಗ, ಡೇಟಾದ ವಿಳಾಸ, ಎಷ್ಟು ಸೈಕಲ್ ಹಿಡಿಯಿತು, ಎಲ್ಲಿ ಸಿಕ್ಕಿತು, ನಾಲ್ಕನ್ನೂ ಬರೆದಿಡುತ್ತದೆ.

ಪರ್ಫ್ ಮೆಮ್ -ಟಿ ಲೋಡ್ ರೆಕಾರ್ಡ್ --ಎಲ್‌ಡಿಲ್ಯಾಟ್ 50 ./ಸ್ಪಾರ್ಸ್

50 ಎಂದರೆ 50 ಸೈಕಲ್‌ಗಿಂತ ಹೆಚ್ಚು ಹಿಡಿದ ಲೋಡ್‌ಗಳು ಮಾತ್ರ. ‘ಪರ್ಫ್ ಮೆಮ್ ರಿಪೋರ್ಟ್ --ಸಾರ್ಟ್=ಮೆಮ್,ಸಿಂಬಲ್’ ಕೊಟ್ಟರೆ ‘ರಿಮೋಟ್ ರ‍್ಯಾಮ್’, ‘ಲೋಕಲ್ ರ‍್ಯಾಮ್’ ಸಾಲುಗಳು ಫಂಕ್ಷನ್ ಹೆಸರಿನ ಜೊತೆಗೆ ಬರುತ್ತವೆ. ಆದರೆ ಫಂಕ್ಷನ್ ಹೆಸರಿನಿಂದ ನಮಗೇನು ಸಿಗುತ್ತದೆ? ಇರುವುದೇ ಒಂದು ಗುಣಾಕಾರದ ಫಂಕ್ಷನ್. ಬೇಕಾದದ್ದು ಅರೇಯ ಹೆಸರು. ಮ್ಯಾಲಕ್‌ನಿಂದ ಪಡೆದ ಮೆಮೊರಿಗೆ ಪರ್ಫ್ ಹೆಸರು ಹೇಳಲಾರದು. ಉಪಾಯ ಸರಳ. ಪ್ರೋಗ್ರಾಮ್ ಶುರುವಿನಲ್ಲೇ ಪ್ರತಿ ಅರೇಯ ಆರಂಭ, ಅಂತ್ಯದ ವಿಳಾಸಗಳನ್ನು ಪ್ರಿಂಟ್ ಮಾಡಿಸಿ. ಆಮೇಲೆ

ಪರ್ಫ್ ಸ್ಕ್ರಿಪ್ಟ್ --ಫೀಲ್ಡ್ಸ್ ಟಿಐಡಿ,ಐಪಿ,ಸಿಮ್,ಆಡ್ರ್,ವೆಯ್ಟ್,ಡೇಟಾ_ಎಸ್‌ಆರ್‌ಸಿ

ಎಂದು ಕೊಟ್ಟು, ಬಂದ ವಿಳಾಸಗಳನ್ನು ಪುಟ್ಟ ಆಕ್ ಅಥವಾ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಅರೇವಾರು ಹಂಚಿ ಎಣಿಸಿ. ಥ್ರೆಡ್ ಯಾವ ನೋಡ್‌ನದ್ದು ಎಂಬ ಕಾಲಮನ್ನೂ ಸೇರಿಸಿ.

ಇಲ್ಲೇ ತಕ್ಕಡಿ ತೂಗಿದ್ದರ ಫಲ ಸಿಗುವುದು. ಸ್ಯಾಂಪಲ್‌ಗಳಲ್ಲಿ ಎದ್ದು ಕಾಣುವುದು ‘ಎಕ್ಸ್’. ಅದನ್ನು ಎಲ್ಲೆಂದರಲ್ಲಿ ಜಿಗಿಯುತ್ತಾ ಓದುತ್ತೇವೆ, ಪ್ರಿಫೆಚರ್ ಊಹಿಸಲಾರದು, ಆದ್ದರಿಂದ ಪ್ರತಿ ದೂರದ ಓದೂ ಲೋಡ್‌ನ ತಲೆಮೇಲೆ ಬೀಳುತ್ತದೆ. ‘ವ್ಯಾಲ್’, ‘ಕಾಲ್’ ಸಾಲಾಗಿ ಹರಿಯುವುದರಿಂದ ಮರೆಯಲ್ಲೇ ಉಳಿಯುತ್ತವೆ. ಸ್ಯಾಂಪ್ಲಿಂಗ್ ಒಂದನ್ನೇ ನಂಬಿದರೆ 80 ಎಂಬಿಯ ‘ಎಕ್ಸ್’ ಅನ್ನು ಸರಿಪಡಿಸಿ, 1.2 ಜಿಬಿಯ ಅರೇಗಳನ್ನು ಹಾಗೇ ಬಿಟ್ಟು, ವೇಗ ಯಾಕೆ ಅಷ್ಟಾಗಿ ಏರಲಿಲ್ಲವೆಂದು ತಲೆಕೆಡಿಸಿಕೊಳ್ಳುತ್ತೀರಿ. ಅನ್‌ಕೋರ್ ಒಂದನ್ನೇ ನಂಬಿದರೆ ‘ಎಕ್ಸ್’ ಕಾಯಿಸುತ್ತಿದೆ ಎಂಬುದೇ ತಿಳಿಯದು. ಎರಡನ್ನೂ ಎದುರುಬದುರು ಇಟ್ಟು ಓದಬೇಕು.

ಎಎಂಡಿಯಲ್ಲಿ ಇದೇ ಕೆಲಸಕ್ಕೆ ಐಬಿಎಸ್ ಇದೆ, ಈಚಿನ ಕರ್ನಲ್‌ಗಳಲ್ಲಿ ಪರ್ಫ್ ಮೆಮ್ ಅದನ್ನೇ ಬಳಸುತ್ತದೆ. ಝೆನ್ 3 ಮತ್ತು ನಂತರದ ಪ್ರೊಸೆಸರ್‌ಗಳ ಎಣಿಕೆಯಲ್ಲಿ ‘ಎಲ್ಎಸ್_ಡಿಎಂಎನ್‌ಡಿ_ಫಿಲ್ಸ್’ ಎಂದರೆ ಲೋಡ್, ಸ್ಟೋರ್‌ಗಳು ತಾವೇ ಕೇಳಿದ್ದು, ‘ಎಲ್ಎಸ್_ಎನಿ_ಫಿಲ್ಸ್’ ಎಂದರೆ ಪ್ರಿಫೆಚರ್ ತಂದದ್ದೂ ಸೇರಿ. ಎರಡರ ವ್ಯತ್ಯಾಸ ಕೋರ್‌ನಲ್ಲೇ ಸಿಗುವುದು ದೊಡ್ಡ ಅನುಕೂಲ. ಆರ್ಮ್ ಸರ್ವರ್‌ಗಳಲ್ಲಿ ‘ರಿಮೋಟ್_ಆಕ್ಸೆಸ್’ ಎಂಬ ಇವೆಂಟ್, ಸ್ಯಾಂಪ್ಲಿಂಗ್‌ಗೆ ಎಸ್‌ಪಿಇ.

ಮೊದಲು ಮುಟ್ಟಿದವರು ಯಾರು

ದೂರದ ಓದು ನಡೆಯುತ್ತಿರುವ ಸಾಲಿನಲ್ಲಿ ತಪ್ಪಿಲ್ಲ. ತಪ್ಪಾದದ್ದು ಬಹಳ ಮೊದಲೇ, ಬೇರೊಂದು ಸಾಲಿನಲ್ಲಿ. ಮ್ಯಾಲಕ್ ಕೊಡುವುದು ಬರೀ ವಿಳಾಸ, ಜಾಗವಲ್ಲ. ಯಾವ ಥ್ರೆಡ್ ಒಂದು ಪೇಜನ್ನು ಮೊದಲು ಮುಟ್ಟುತ್ತದೋ, ಆ ಥ್ರೆಡ್ ಓಡುತ್ತಿರುವ ನೋಡ್‌ನಲ್ಲಿ ಲಿನಕ್ಸ್ ಜಾಗ ಕೊಡುತ್ತದೆ. ನಮ್ಮ ಪ್ರೋಗ್ರಾಮ್‌ನಲ್ಲಿ ಫೈಲ್ ಓದಿದ್ದು ಮುಖ್ಯ ಥ್ರೆಡ್, ಅದು ಇದ್ದದ್ದು ನೋಡ್ 0.

ಖಚಿತಪಡಿಸಿಕೊಳ್ಳಲು ಪ್ರೋಗ್ರಾಮ್ ಓಡುತ್ತಿರುವಾಗ ‘/ಪ್ರಾಕ್/ಪಿಐಡಿ/ನ್ಯೂಮಾ_ಮ್ಯಾಪ್ಸ್’ ನೋಡಿ. ‘ವ್ಯಾಲ್’ನ ವಿಳಾಸದಿಂದ ಶುರುವಾಗುವ ಸಾಲಿನಲ್ಲಿ ‘ಎನ್0=’ ಮುಂದೆ ಸುಮಾರು 1.95 ಲಕ್ಷ ಪೇಜ್, ‘ಎನ್1’ ಇಲ್ಲವೇ ಇಲ್ಲ ಎಂದಿರುತ್ತದೆ. ‘ನ್ಯೂಮಾಸ್ಟ್ಯಾಟ್’ನ ‘ನ್ಯೂಮಾ_ಹಿಟ್’, ‘ನ್ಯೂಮಾ_ಮಿಸ್’ಗಳನ್ನು ಇದರ ಜೊತೆ ಬೆರೆಸಬೇಡಿ. ಅವು ಪೇಜ್ ಕೇಳಿದ ನೋಡ್‌ನಲ್ಲಿ ಸಿಕ್ಕಿತೋ ಇಲ್ಲವೋ ಎಂದು ಹೇಳುತ್ತವೆ, ಆಮೇಲೆ ಅದನ್ನು ಯಾರು ಓದಿದರು ಎಂದಲ್ಲ. ನಮ್ಮ ಕೆಟ್ಟ ಪ್ರೋಗ್ರಾಮ್‌ನಲ್ಲೂ ‘ಹಿಟ್’ ಸೊಗಸಾಗಿಯೇ ಇರುತ್ತದೆ.

ಮುಟ್ಟಿದ ಸಾಲನ್ನೇ ಹಿಡಿಯಬೇಕಾದರೆ:

ಪರ್ಫ್ ರೆಕಾರ್ಡ್ -ಇ ಪೇಜ್-ಫಾಲ್ಟ್ಸ್ -ಸಿ 1 -ಜಿ -ಡಿ ./ಸ್ಪಾರ್ಸ್

ಪೇಜನ್ನು ಮೊದಲ ಸಲ ಮುಟ್ಟಿದಾಗ ಆಗುವ ಪ್ರತಿ ಪೇಜ್ ಫಾಲ್ಟ್‌ಗೂ ವಿಳಾಸ ಮತ್ತು ಕರೆಗಳ ಸರಣಿ ದಾಖಲಾಗುತ್ತದೆ. ಇಲ್ಲಿ ‘:ಯು’ ಹಾಕಬೇಡಿ. ಫೈಲ್‌ನಿಂದ ಓದುವಾಗ ಬಫರನ್ನು ಮುಟ್ಟುವುದು ಕರ್ನಲ್, ‘:ಯು’ ಇದ್ದರೆ ಮುಖ್ಯ ಸಾಕ್ಷಿಯೇ ಬಿಟ್ಟುಹೋಗುತ್ತದೆ. ಸಿ++ ಬಳಸುವವರು ‘ವೆಕ್ಟರ್’ ಕಂಟೇನರ್ ಕಡೆ ವಿಶೇಷ ಗಮನ ಕೊಡಿ. ಅಳತೆ ಕೊಟ್ಟು ಸೃಷ್ಟಿಸಿದ ಕೂಡಲೇ ಅದು ಇಡೀ ಜಾಗಕ್ಕೆ ಸೊನ್ನೆ ತುಂಬುತ್ತದೆ, ಸೃಷ್ಟಿಸಿದ ಥ್ರೆಡ್‌ನಲ್ಲೇ. ನೀವು ಆಮೇಲೆ ಎಷ್ಟೇ ಜಾಣತನದಿಂದ ಸಮಾಂತರವಾಗಿ ತುಂಬಿದರೂ ಪೇಜ್‌ಗಳು ಆಗಲೇ ನೆಲೆ ಕಂಡಿರುತ್ತವೆ.

ಸರಿಪಡಿಸಿ, ಮತ್ತೆ ಅಳೆಯಿರಿ

‘ವ್ಯಾಲ್’, ‘ಕಾಲ್’ಗಳಿಗೆ ಮದ್ದು ನೇರ. ಗುಣಿಸುವಾಗ ಯಾವ ಥ್ರೆಡ್‌ಗೆ ಯಾವ ಸಾಲುಗಳೋ, ತುಂಬುವಾಗಲೂ ಅದೇ ಥ್ರೆಡ್ ಅದೇ ಸಾಲುಗಳನ್ನು ಮೊದಲು ಮುಟ್ಟಲಿ. ಎರಡೂ ಲೂಪ್‌ಗೆ ಒಂದೇ ‘ಸ್ಟ್ಯಾಟಿಕ್’ ಹಂಚಿಕೆ. ಫೈಲ್ ಓದುವುದನ್ನು ಸಮಾಂತರ ಮಾಡಲಾಗದಿದ್ದರೆ, ಓದಿದ್ದನ್ನು ಹೊಸ ಅರೇಗೆ 48 ಥ್ರೆಡ್‌ಗಳಿಂದ ಒಮ್ಮೆ ನಕಲು ಮಾಡಿಸಿ ಹಳೆಯದನ್ನು ಬಿಟ್ಟುಬಿಡಿ. 100 ಸಲ ಗುಣಿಸುವ ಕಡೆ ಒಂದು ನಕಲಿನ ಖರ್ಚು ಲೆಕ್ಕಕ್ಕಿಲ್ಲ.

‘ಎಕ್ಸ್’ಗೆ ಹೀಗೆ ಮಾಡಲಾಗದು, ಎಲ್ಲರಿಗೂ ಅದರ ಎಲ್ಲ ಭಾಗ ಬೇಕು. ಲಿಬ್‌ನ್ಯೂಮಾದ ‘ನ್ಯೂಮಾ_ಅಲಾಕ್_ಇಂಟರ್‌ಲೀವ್ಡ್’ ಬಳಸಿ ಪೇಜ್‌ಗಳನ್ನು ಎರಡೂ ನೋಡ್‌ಗೆ ಸರದಿಯಂತೆ ಹಂಚುವುದು ಒಂದು ದಾರಿ. ಪ್ರತಿ ನೋಡ್‌ನಲ್ಲೂ 80 ಎಂಬಿಯ ಪ್ರತಿ ಇಟ್ಟುಕೊಳ್ಳುವುದು ಇನ್ನೊಂದು, ‘ಎಕ್ಸ್’ ಪ್ರತಿ ಸುತ್ತಿನಲ್ಲೂ ಬದಲಾಗುವುದಾದರೆ ನಕಲಿನ ಖರ್ಚು ಸೇರಿಸಿ ಅಳೆದು ನೋಡಿ. ಸೊನ್ನೆಯಲ್ಲದವು ಕರ್ಣದ ಹತ್ತಿರವೇ ಇರುವ ಮ್ಯಾಟ್ರಿಕ್ಸ್ ಆದರೆ ‘ಎಕ್ಸ್’ ಅನ್ನೂ ಸಾಲುಗಳಂತೆಯೇ ಹಂಚಬಹುದು, ನಾನು ಮೊದಲು ನೋಡುವುದು ಅದನ್ನೇ.

ಕೋಡ್ ಮುಟ್ಟುವ ಹಾಗೇ ಇಲ್ಲವೆಂದಾದರೆ ‘ನ್ಯೂಮಾಸಿಟಿಎಲ್ --ಇಂಟರ್‌ಲೀವ್=ಆಲ್’ ಕೊಟ್ಟು ಓಡಿಸಿ. ಅರ್ಧ ಓದು ದೂರದ್ದಾಗಿಯೇ ಉಳಿಯುತ್ತದೆ, ಆದರೆ ಎರಡೂ ಕಂಟ್ರೋಲರ್‌ಗಳು ದುಡಿಯುತ್ತವೆ, ಲಿಂಕ್‌ನ ಭಾರ ಎರಡೂ ದಿಕ್ಕಿಗೆ ಹಂಚಿಹೋಗುತ್ತದೆ. ಜಾವಾದಲ್ಲಿ ‘ಯೂಸ್‌ನ್ಯೂಮಾ’, ಮೈಎಸ್‌ಕ್ಯುಎಲ್‌ನಲ್ಲಿ ‘ಇನ್ನೊಡಿಬಿ_ನ್ಯೂಮಾ_ಇಂಟರ್‌ಲೀವ್’ ಎಂಬ ಆಯ್ಕೆಗಳಿವೆ.

ಮತ್ತೆ ಅಳೆಯುವಾಗ ಏನನ್ನು ನಿರೀಕ್ಷಿಸಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಿ. ಸಾಕೆಟ್‌ವಾರು ಓದು 60-60 ಜಿಬಿ ಹತ್ತಿರ ಬರಬೇಕು. ಯುಪಿಐ ಡೇಟಾ ‘ಎಕ್ಸ್’ನ ಪಾಲಿಗೆ ಇಳಿಯಬೇಕು. ‘ರಿಮೋಟ್_ಡಿರ‍್ಯಾಮ್’ ಸೊನ್ನೆಯಾಗುವುದಿಲ್ಲ, ಇಂಟರ್‌ಲೀವ್ ಮಾಡಿದ ‘ಎಕ್ಸ್’ನಲ್ಲಿ ಅರ್ಧ ದೂರದ್ದೇ. ಈ ಮೂರರಲ್ಲಿ ಒಂದು ತಪ್ಪಿದರೂ, ಪ್ರೋಗ್ರಾಮ್ ವೇಗವಾದದ್ದು ಬೇರೆ ಯಾವುದೋ ಕಾರಣಕ್ಕೆ. ಮತ್ತೆ ನ್ಯೂಮಾ_ಮ್ಯಾಪ್ಸ್ ತೆರೆಯಿರಿ. ಸಾಲುಗಳನ್ನು ಹಂಚಿದ್ದು ಸಮವೇ ಎಂಬುದನ್ನೂ ನೋಡಿ. ಕೆಲವು ಸಾಲುಗಳಲ್ಲಿ ಮಾತ್ರ ಸಂಖ್ಯೆಗಳು ಕಿಕ್ಕಿರಿದಿದ್ದರೆ ಸಾಲಿನ ಲೆಕ್ಕದಲ್ಲಿ ಹಂಚದೆ, ಸೊನ್ನೆಯಲ್ಲದ ಸಂಖ್ಯೆಗಳ ಲೆಕ್ಕದಲ್ಲಿ ಹಂಚಬೇಕು.

ಎಲ್ಲ ಮುಗಿದ ಮೇಲೆ ನ್ಯೂಮಾ_ಬ್ಯಾಲೆನ್ಸಿಂಗ್ ಮತ್ತು ಎನ್ಎಂಐ_ವಾಚ್‌ಡಾಗ್ ಎರಡಕ್ಕೂ ಹಿಂದೆ ಇದ್ದ ಬೆಲೆಯನ್ನೇ ಬರೆಯಿರಿ, ಪ್ಯಾರನಾಯ್ಡ್ ಫೈಲನ್ನು 2ಕ್ಕೆ ಮರಳಿಸಿ. ಬ್ಯಾಲೆನ್ಸಿಂಗ್ ಆನ್ ಮಾಡಿದ ಮೇಲೆ ಇನ್ನೊಂದು ಸಲ ಸಮಯ ಅಳೆದುಬಿಡಿ, ಪ್ರೋಗ್ರಾಮ್ ದಿನವೂ ಓಡಬೇಕಾದದ್ದು ಆ ಸ್ಥಿತಿಯಲ್ಲೇ.